ಸಾವಿರಕ್ಕೆ ಒಂದು ಕಾಳು

ತೊಗರಿ ಸುಗ್ಗಿಯ ದಿನಗಳಲ್ಲಿ ಕಲಬುರಗಿಯ ಎಪಿಎಂಸಿ ಪ್ರಾಂಗಣ ಸುತ್ತಿದವರಿಗೆ ಈ ನೋಟ ಹೊಸದಲ್ಲ. ಅಂಗಡಿಯ ಮುಂದೆ ಚೀಲಗಳ ಸಾಲು. ಖರೀದಿದಾರನ ಕೈಯಲ್ಲಿ ಚೂಪು ಮೊನೆಯ, ಒಳಗೆ ಟೊಳ್ಳಾದ ಒಂದು ಕೊಳವೆ. ಒಂದು ಚೀಲದ ನಡುವಿಗೆ ಚುಚ್ಚುತ್ತಾನೆ, ಇನ್ನೊಂದರ ತಳಕ್ಕೆ, ಮತ್ತೊಂದರ ಮೂಲೆಗೆ. ಕೊಳವೆಯಲ್ಲಿ ಜಾರಿ ಬಂದ ಕಾಳನ್ನು ಅಂಗೈ ಮೇಲೆ ಹರಡಿ, ಹೊಟ್ಟು ಊದಿ, ಒಂದೆರಡನ್ನು ಹಲ್ಲಿಗೆ ಕೊಟ್ಟು ಕಟಕ್ಕೆನಿಸಿ ನೋಡುತ್ತಾನೆ. ಇಡೀ ರಾಶಿಗೆ ಅವನು ಹೇಳುವ ಬೆಲೆ ಆ ಹಿಡಿ ಕಾಳಿನ ಮೇಲೆ ನಿಂತಿರುತ್ತದೆ.

ಎಲ್ಲ ಚೀಲ ಸುರಿದು ನೋಡಲು ಅವನಿಗೆ ಬಿಡುವಿಲ್ಲ. ಹಾಗಂತ ಬಾಯಿ ಬಿಚ್ಚಿದ ಚೀಲದ ಮೇಲ್ಭಾಗವನ್ನಷ್ಟೇ ನೋಡಿ ಬೆಲೆ ಕಟ್ಟುವುದೂ ಇಲ್ಲ. ಎಲ್ಲಿ ಚುಚ್ಚುತ್ತಾನೆ, ಎಷ್ಟು ಸಲ ಚುಚ್ಚುತ್ತಾನೆ ಎಂಬುದರಲ್ಲೇ ಅವನ ಕಸುಬುದಾರಿಕೆ ಇದೆ.

ಇಂಟರ್ನೆಟ್ಟಿನ ಹೆದ್ದಾರಿಗಳನ್ನು ನೋಡಿಕೊಳ್ಳುವ ಎಂಜಿನಿಯರುಗಳು ಹಗಲೂ ರಾತ್ರಿ ಮಾಡುವ ಕೆಲಸವೂ ಇದೇ. ನಾವು ನೋಡುವ ಸಿನಿಮಾ, ಕಳಿಸುವ ಫೋಟೊ, ಮಾಡುವ ಯುಪಿಐ ಪಾವತಿ ಎಲ್ಲವೂ ಪ್ಯಾಕೆಟ್ ಎಂಬ ಚಿಕ್ಕ ಚಿಕ್ಕ ತುಣುಕುಗಳಾಗಿ ಫೈಬರ್ ಎಳೆಗಳಲ್ಲಿ ಹರಿಯುತ್ತವೆ. ಯಾವ ದಿಕ್ಕಿಗೆ ಎಷ್ಟು ಹರಿಯುತ್ತಿದೆ ಎಂದು ತಿಳಿಯದೆ ಜಾಲವನ್ನು ನಡೆಸಲಾಗದು. ಆದರೆ ಅಲ್ಲಿ ಪ್ರತಿ ಕಾಳನ್ನೂ ಎಣಿಸಲಾಗದು. ಅದಕ್ಕಾಗಿ ಸಾವಿರಕ್ಕೆ ಒಂದನ್ನು ಆಯ್ದು, ಉಳಿದದ್ದನ್ನು ಲೆಕ್ಕ ಹಾಕುವ ವಿದ್ಯೆ ಬೆಳೆದಿದೆ.

ಎಣಿಸಲು ಹೊತ್ತೆಲ್ಲಿ?

ಕಂಪ್ಯೂಟರು ಎಣಿಸಲಾರದ್ದು ಏನಿದೆ ಎಂದು ಅಚ್ಚರಿಯಾಗಬಹುದು. ಸ್ವಲ್ಪ ಗಣಿತ ನೋಡೋಣ.

ಇಂದು ದೊಡ್ಡ ಜಾಲಗಳಲ್ಲಿ ಸಾಮಾನ್ಯವಾಗಿರುವ ಒಂದು ಎಳೆಯ ವೇಗ ಸೆಕೆಂಡಿಗೆ 100 ಗಿಗಾಬಿಟ್. ಅತಿ ಚಿಕ್ಕ ಪ್ಯಾಕೆಟ್ 64 ಬೈಟಿನದು. ಎರಡು ಪ್ಯಾಕೆಟ್‌ಗಳ ನಡುವೆ ಬಿಡಬೇಕಾದ ಜಾಗ ಮುಂತಾದವನ್ನೂ ಸೇರಿಸಿದರೆ 84 ಬೈಟ್. ಇಂಥವೇ ಒಂದರ ಹಿಂದೊಂದು ಬಂದರೆ ಸೆಕೆಂಡಿಗೆ 14.88 ಕೋಟಿ ಪ್ಯಾಕೆಟ್. ಅಂದರೆ ಒಂದೊಂದಕ್ಕೂ ಸಿಗುವ ಹೊತ್ತು 6.72 ನ್ಯಾನೊ ಸೆಕೆಂಡ್. ಅಷ್ಟರಲ್ಲಿ ಫೈಬರಿನೊಳಗೆ ಬೆಳಕೇ ಸುಮಾರು 1.3 ಮೀಟರ್ ಮಾತ್ರ ಸಾಗಿರುತ್ತದೆ.

ಸಾಧಾರಣ ಮೆಮೊರಿ ಚಿಪ್ಪಿನಿಂದ ಒಂದು ಸಂಗತಿಯನ್ನು ಹುಡುಕಿ ತೆಗೆಯಲು ಹತ್ತಾರು ನ್ಯಾನೊ ಸೆಕೆಂಡ್ ಬೇಕು. ಈ ಪ್ಯಾಕೆಟ್ ಯಾರ ಖಾತೆಗೆ ಸೇರಿದ್ದು ಎಂದು ಪುಸ್ತಕ ತೆರೆಯುವಷ್ಟರಲ್ಲಿ ಮುಂದಿನ ನಾಲ್ಕೈದು ದಾಟಿಹೋಗಿರುತ್ತವೆ. ಇದಕ್ಕಿಂತ ವೇಗದ ಮೆಮೊರಿ ಇದೆ. ಆದರೆ ಅದು ದುಬಾರಿ, ಪ್ಯಾಕೆಟ್‌ಗಳನ್ನು ದಾರಿಗೆ ಹಚ್ಚುವ ರೂಟರ್ ಯಂತ್ರದಲ್ಲಿ ಇರುವುದೂ ಸ್ವಲ್ಪವೇ. ಪ್ಯಾಕೆಟ್‌ಗಳೆಲ್ಲ 1,500 ಬೈಟಿನ ದೊಡ್ಡವೇ ಆಗಿದ್ದರೂ ಸೆಕೆಂಡಿಗೆ 80 ಲಕ್ಷ ದಾಟುತ್ತವೆ. ಒಂದು ರೂಟರಿಗೆ ಇಂಥ ಎಷ್ಟೋ ಎಳೆಗಳು ಬಂದು ಸೇರುತ್ತವೆ.

ಎಳೆಯಲ್ಲಿ ಒಟ್ಟು ಎಷ್ಟು ಬೈಟ್ ಹರಿಯಿತು ಎಂಬುದನ್ನು ರೂಟರ್ ಸುಲಭವಾಗಿ ಹೇಳುತ್ತದೆ. ಅದು ಸೇತುವೆಯ ಮೇಲೆ ಇಷ್ಟು ಗಾಡಿ ದಾಟಿದವು ಎಂದಂತೆ. ಯಾವ ಊರಿನ ಗಾಡಿ, ಎಲ್ಲಿಗೆ ಹೊರಟಿತ್ತು, ಏನು ಹೇರಿಕೊಂಡಿತ್ತು ಎಂದು ಬಿಡಿಸಿ ಕೇಳಿದಾಗ ಕಷ್ಟ ಶುರುವಾಗುತ್ತದೆ.

ಐವತ್ತಕ್ಕೆ ಒಂದರಿಂದ ಆರಂಭ

ಈ ಕಷ್ಟ ಇಂದಿನದಲ್ಲ. ಇಂದಿನ ಇಂಟರ್ನೆಟ್ಟಿಗೆ ಬೆನ್ನೆಲುಬಾಗಿದ್ದ ಅಮೆರಿಕದ ಎನ್‌ಎಸ್‌ಎಫ್‌ನೆಟ್ ಎಂಬ ಜಾಲದಲ್ಲಿ 1990ರ ದಶಕದ ಆರಂಭದಲ್ಲೇ ಇದು ಎದುರಾಗಿತ್ತು. ಅದರ ಎಳೆಗಳ ವೇಗ ಆಗ ಸೆಕೆಂಡಿಗೆ 1.5 ಮೆಗಾಬಿಟ್, ಇಂದಿನ ಯಾವುದೇ ಮನೆಯ ಬ್ರಾಡ್‌ಬ್ಯಾಂಡಿಗಿಂತ ಎಷ್ಟೋ ಕಡಿಮೆ. ಆ ಕಾಲದ ಯಂತ್ರಗಳಿಗೆ ಅದೇ ಹೊರೆಯಾಯಿತು. ಕೊನೆಗೆ 1991ರಲ್ಲಿ ಪ್ರತಿ ಐವತ್ತಕ್ಕೆ ಒಂದು ಪ್ಯಾಕೆಟ್ ಮಾತ್ರ ನೋಡುವ ಪದ್ಧತಿಗೆ ಬಂದರು.

ಹೀಗೆ ಆಯ್ದದ್ದು ನಂಬಿಕೆಗೆ ಯೋಗ್ಯವೇ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಕಿಂಬರ್ಲಿ ಕ್ಲಾಫಿ, ಜಾರ್ಜ್ ಪಾಲಿಜೋಸ್, ಹ್ಯಾನ್ಸ್-ವರ್ನರ್ ಬ್ರೌನ್ ಅವರು 1993ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಈ ಕ್ಷೇತ್ರದವರು ಇಂದಿಗೂ ನೆನೆಯುತ್ತಾರೆ. ಅವರು ಎರಡು ದಾರಿಗಳನ್ನು ಹೋಲಿಸಿದರು. ಒಂದು, ಪ್ಯಾಕೆಟ್‌ಗಳನ್ನು ಎಣಿಸುತ್ತ ಹೋಗಿ ಇಷ್ಟಕ್ಕೊಂದನ್ನು ಆಯುವುದು. ಇನ್ನೊಂದು, ಗಡಿಯಾರ ನೋಡಿ ಇಷ್ಟು ಹೊತ್ತಿಗೊಂದನ್ನು ಆಯುವುದು. ಎಣಿಸಿ ಆಯುವುದೇ ಮೇಲು ಎಂದು ತಿಳಿದುಬಂತು.

ಇದರ ಹಿಂದಿನ ಕಾರಣವನ್ನು ರೈಲ್ವೆ ಗೇಟಿನ ಪಕ್ಕದ ರಸ್ತೆಯಲ್ಲಿ ನಿಂತು ನೋಡಬಹುದು. ಗೇಟು ತೆರೆದಾಗ ಗಾಡಿಗಳು ಒಟ್ಟಿಗೆ ನುಗ್ಗುತ್ತವೆ, ಆಮೇಲೆ ರಸ್ತೆ ಖಾಲಿ. ಗಡಿಯಾರ ಸದ್ದು ಮಾಡಿದ ಮೇಲೆ ಮೊದಲು ಬರುವ ಗಾಡಿಯನ್ನು ಬರೆದುಕೊಳ್ಳಿ ಎಂದರೆ, ಗಡಿಯಾರ ಬಹುಪಾಲು ಸಲ ಖಾಲಿ ಹೊತ್ತಿನಲ್ಲೇ ಸದ್ದು ಮಾಡುತ್ತದೆ. ಹಾಗಾಗಿ ನಮ್ಮ ಪುಸ್ತಕಕ್ಕೆ ಸೇರುವುದು ಗುಂಪಿನ ಮುಂದಾಳು ಮಾತ್ರ. ಅದರ ಬೆನ್ನಿಗಿದ್ದ ನಲವತ್ತು ಗಾಡಿಗಳು ಲೆಕ್ಕ ತಪ್ಪುತ್ತವೆ. ಪ್ಯಾಕೆಟ್‌ಗಳೂ ಹೀಗೇ ಗುಂಪುಗುಂಪಾಗಿ ಬರುವಂಥವು.

ಸಿಸ್ಕೊ ಕಂಪನಿಯ ನೆಟ್‌ಫ್ಲೋ, 2001ರಲ್ಲಿ ವಿವರಗಳು ಪ್ರಕಟವಾದ ಎಸ್‌ಫ್ಲೋ ಎಂಬ ವಿಧಾನಗಳು ಮುಂದೆ ಈ ಕೆಲಸವನ್ನು ರೂಟರು, ಸ್ವಿಚ್ಚುಗಳ ಒಳಗೇ ತಂದವು. ಎಸ್‌ಫ್ಲೋ ಇನ್ನೊಂದು ಎಚ್ಚರವನ್ನೂ ವಹಿಸಿತು. ಸರಿಯಾಗಿ ಸಾವಿರದ ನಂತರ ಒಂದು ಎಂದು ಆಯುವುದಿಲ್ಲ. ಒಮ್ಮೆ 870 ಬಿಟ್ಟು, ಒಮ್ಮೆ 1,130 ಬಿಟ್ಟು, ಸರಾಸರಿ ಸಾವಿರ ಬರುವಂತೆ ಆಯುತ್ತದೆ. ಹರಿವಿನಲ್ಲೇ ಒಂದು ತಾಳವಿದ್ದು ನಮ್ಮ ಎಣಿಕೆಯೂ ಅದೇ ತಾಳಕ್ಕೆ ಬಿದ್ದರೆ, ಒಂದೇ ಬಗೆಯ ಪ್ಯಾಕೆಟ್ ಮತ್ತೆ ಮತ್ತೆ ಕೈಗೆ ಬಂದೀತು ಎಂಬ ಕಾರಣಕ್ಕೆ.

ಲಕೋಟೆಯ ಮೇಲಿನ ಬರಹ

ಆಯ್ದ ಪ್ಯಾಕೆಟ್‌ನಲ್ಲಿ ನೋಡುವುದೇನು? ಅಂಚೆ ಕಚೇರಿಯಲ್ಲಿ ಲಕೋಟೆ ಒಡೆಯದೆ ವಿಳಾಸ ಓದುವಂತೆ, ಪ್ಯಾಕೆಟ್‌ನ ತಲೆಭಾಗವನ್ನು ಓದುತ್ತಾರೆ. ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ, ಯಾವ ಬಗೆಯ ಸೇವೆ, ಎಷ್ಟು ಬೈಟ್ ಉದ್ದ ಎಂಬ ವಿವರ ಅಲ್ಲಿರುತ್ತದೆ. ಎಸ್‌ಫ್ಲೋ ಸಾಮಾನ್ಯವಾಗಿ ಪ್ಯಾಕೆಟ್‌ನ ಮೊದಲ 128 ಬೈಟ್‌ಗಳನ್ನು ನಕಲು ಮಾಡಿ ಲೆಕ್ಕದ ಯಂತ್ರಕ್ಕೆ ಕಳಿಸುತ್ತದೆ.

ಇಬ್ಬರ ನಡುವಿನ ಒಂದೇ ಸಂಭಾಷಣೆಗೆ ಸೇರಿದ ಪ್ಯಾಕೆಟ್‌ಗಳ ಸಾಲಿಗೆ ಈ ಕಸುಬಿನಲ್ಲಿ ಫ್ಲೋ, ಅಂದರೆ ಹರಿವು ಎನ್ನುತ್ತಾರೆ. ಸಾವಿರಕ್ಕೆ ಒಂದನ್ನು ಆಯ್ದಿದ್ದರೆ ಕಂಡದ್ದನ್ನು ಸಾವಿರದಿಂದ ಗುಣಿಸುತ್ತಾರೆ. 1,500 ಬೈಟಿನ ಒಂದು ಪ್ಯಾಕೆಟ್ ಕಂಡರೆ 15 ಲಕ್ಷ ಬೈಟ್ ಹರಿದಿದೆ ಎಂದು ಲೆಕ್ಕ. ಒಂದೇ ಪ್ಯಾಕೆಟ್ ನೋಡಿ ಹೀಗೆಂದರೆ ಅದು ಬರೀ ಊಹೆ. ಸಾವಿರಾರು ಪ್ಯಾಕೆಟ್ ಸೇರಿದಾಗ ಹೆಚ್ಚು ಕಡಿಮೆಗಳು ಒಂದಕ್ಕೊಂದು ವಜಾ ಆಗಿ, ಊಹೆ ಗಟ್ಟಿಯಾಗುತ್ತ ಹೋಗುತ್ತದೆ.

ಇಲ್ಲೊಂದು ಮಾತು ಸ್ಪಷ್ಟವಾಗಿರಲಿ. ನಿಮ್ಮ ಮೊಬೈಲಿನ ದಿನದ 2 ಜಿಬಿ ಡೇಟಾದ ಲೆಕ್ಕ ಹೀಗೆ ಅಂದಾಜಿನದಲ್ಲ. ಅದನ್ನು ಗ್ರಾಹಕರ ಖಾತೆವಾರು ಪೂರ್ತಿಯಾಗಿಯೇ ಎಣಿಸುತ್ತಾರೆ. ಮಾದರಿ ಆಯುವುದು ಎಲ್ಲರ ಡೇಟಾ ಒಟ್ಟಿಗೆ ಸೇರಿ ಹೊಳೆಯಾಗಿ ಹರಿಯುವ ಮುಖ್ಯ ದಾರಿಗಳಲ್ಲಿ.

ತಪ್ಪಿಗೂ ಒಂದು ಅಳತೆ

ಈ ವಿದ್ಯೆಯ ತಿರುಳು ಇಲ್ಲಿದೆ. ಅಂದಾಜು ಎಂದಮೇಲೆ ತಪ್ಪು ಇದ್ದೇ ಇರುತ್ತದೆ. ಆ ತಪ್ಪು ಎಷ್ಟಿರಬಹುದು ಎಂಬುದನ್ನೂ ಅಳೆದು ಹೇಳಿದಾಗಲೇ ಅಂದಾಜಿಗೆ ಮರ್ಯಾದೆ.

ಅದಕ್ಕೊಂದು ಸರಳ ಸೂತ್ರವಿದೆ. 196 ಎಂಬ ಸಂಖ್ಯೆಯನ್ನು ಸಿಕ್ಕ ಮಾದರಿಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ. ಬಂದ ಉತ್ತರವೇ ತಪ್ಪಿನ ಶೇಕಡಾ ಪ್ರಮಾಣ. ನೂರರಲ್ಲಿ 95 ಸಲ ತಪ್ಪು ಅದರೊಳಗೇ ಇರುತ್ತದೆ.

ಒಂದು ಎಳೆಯಲ್ಲಿ ಐದು ನಿಮಿಷಕ್ಕೆ 100 ಕೋಟಿ ಪ್ಯಾಕೆಟ್ ಹರಿದವು ಎಂದುಕೊಳ್ಳಿ. ಸಾವಿರಕ್ಕೆ ಒಂದರಂತೆ 10 ಲಕ್ಷ ಮಾದರಿ ಸಿಕ್ಕವು. ಅದರಲ್ಲಿ 10,000 ಒಂದು ವಿಡಿಯೊ ಸೇವೆಗೆ ಸೇರಿದ್ದವು. ಗುಣಿಸಿದರೆ ಆ ಸೇವೆಯದು 1 ಕೋಟಿ ಪ್ಯಾಕೆಟ್. 10,000ದ ವರ್ಗಮೂಲ 100. ತಪ್ಪು ಶೇ 1.96. ಅಂದರೆ ನಿಜವಾದ ಸಂಖ್ಯೆ 98 ಲಕ್ಷಕ್ಕೂ 1 ಕೋಟಿ 2 ಲಕ್ಷಕ್ಕೂ ನಡುವೆ ಎಲ್ಲೋ ಇದೆ. ಸಾವಿರದಲ್ಲಿ 999ನ್ನು ಕಣ್ಣೆತ್ತಿಯೂ ನೋಡದೆ ಇಷ್ಟು ಹತ್ತಿರ ಬಂದಿದ್ದೇವೆ.

ಅದೇ ಐದು ನಿಮಿಷದಲ್ಲಿ ಒಂದು ಚಿಕ್ಕ ಕಾಲೇಜಿಗೆ ಸೇರಿದ ನಾಲ್ಕೇ ಮಾದರಿ ಸಿಕ್ಕಿವೆ ಎನ್ನೋಣ. ಅಂದಾಜು 4,000 ಪ್ಯಾಕೆಟ್. ನಾಲ್ಕರ ವರ್ಗಮೂಲ ಎರಡು. ತಪ್ಪು ಶೇ 98. ನಿಜ ಸಂಖ್ಯೆ ನೂರರ ಆಸುಪಾಸಿನಲ್ಲೂ ಇರಬಹುದು, ಎಂಟು ಸಾವಿರದ ಹತ್ತಿರವೂ ಇರಬಹುದು. ಕಂಪ್ಯೂಟರ್ ಪರದೆ ಮಾತ್ರ ಎರಡೂ ಅಂಕಿಗಳನ್ನು ಒಂದೇ ಅಕ್ಷರದಲ್ಲಿ, ಒಂದೇ ಗಾಂಭೀರ್ಯದಲ್ಲಿ ತೋರಿಸುತ್ತದೆ. ನೋಡುವವರಿಗೆ ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಅಪಾಯ.

ಸೂತ್ರವನ್ನು ಇನ್ನೊಮ್ಮೆ ನೋಡಿ. ಒಟ್ಟು ಎಷ್ಟು ಹರಿಯಿತು ಎಂಬುದು ಅದರಲ್ಲಿ ಬರುವುದೇ ಇಲ್ಲ. ಎಷ್ಟು ಮಾದರಿ ಕೈಗೆ ಸಿಕ್ಕಿತು ಎಂಬುದಷ್ಟೇ ಮುಖ್ಯ. ತಪ್ಪನ್ನು ಅರ್ಧಕ್ಕೆ ಇಳಿಸಬೇಕೆಂದರೆ ಮಾದರಿ ನಾಲ್ಕು ಪಟ್ಟು ಬೇಕು.

ಆನೆ ಕಾಣುತ್ತದೆ, ಇಲಿ ತಪ್ಪಿಸಿಕೊಳ್ಳುತ್ತದೆ

ಜಾಲದ ಹರಿವುಗಳಲ್ಲಿ ಭಾರಿ ಅಸಮಾನತೆ ಇದೆ. ಕೆಲವೇ ಹರಿವುಗಳು ಬಹುಪಾಲು ಬೈಟ್‌ಗಳನ್ನು ಹೊರುತ್ತವೆ. ಅಸಂಖ್ಯಾತ ಪುಟ್ಟ ಹರಿವುಗಳು ಒಂದೆರಡು ಪ್ಯಾಕೆಟ್‌ನಲ್ಲೇ ಮುಗಿಯುತ್ತವೆ. ಈ ಕಸುಬಿನವರು ಅವನ್ನು ಆನೆ, ಇಲಿ ಎಂದೇ ಕರೆಯುತ್ತಾರೆ.

ಸಾವಿರಕ್ಕೆ ಒಂದು ಆಯುವಾಗ ಹತ್ತು ಪ್ಯಾಕೆಟ್‌ನ ಹರಿವು ಪೂರ್ತಿ ತಪ್ಪಿಹೋಗುವ ಸಂಭವ ಶೇ 99. ಸಾವಿರ ಪ್ಯಾಕೆಟ್‌ನದು ಕೂಡ ಶೇ 37ರಷ್ಟು ಸಲ ಕಾಣುವುದಿಲ್ಲ. ಹತ್ತು ಸಾವಿರ ಪ್ಯಾಕೆಟ್‌ನ ಆನೆ ತಪ್ಪಿಸಿಕೊಳ್ಳುವುದು ಲಕ್ಷಕ್ಕೆ ಐದಕ್ಕಿಂತ ಕಡಿಮೆ ಸಲ.

ಆನೆಗಳನ್ನು ನಿಖರವಾಗಿ ಅಳೆಯಲು ಕ್ರಿಸ್ಟಿಯನ್ ಎಸ್ಟಾನ್ ಮತ್ತು ಐಐಟಿ ಬಾಂಬೆಯಲ್ಲಿ ಓದಿದ ಜಾರ್ಜ್ ವರ್ಗೀಸ್ ಅವರು 2002ರಲ್ಲಿ ಒಂದು ಜಾಣ ಉಪಾಯ ಕೊಟ್ಟರು: ಆಯ್ದು ಹಿಡಿ. ಒಂದು ಹರಿವಿನ ಪ್ಯಾಕೆಟ್ ಒಮ್ಮೆ ಮಾದರಿಯಾಗಿ ಸಿಕ್ಕಿತೆಂದರೆ, ಅದಕ್ಕೆ ವೇಗದ ಮೆಮೊರಿಯಲ್ಲಿ ಒಂದು ಖಾತೆ ತೆರೆದು, ಆಮೇಲೆ ಬರುವ ಅದರ ಪ್ರತಿ ಪ್ಯಾಕೆಟ್ಟನ್ನೂ ಎಣಿಸಬೇಕು. ದೊಡ್ಡ ಹರಿವು ಬೇಗ ಸಿಕ್ಕಿಬೀಳುತ್ತದೆ, ಅಲ್ಲಿಂದ ಮುಂದೆ ಗುಣಾಕಾರದ ತಪ್ಪು ಇಲ್ಲ. ಇಲಿಗಳು ಹೆಚ್ಚಾಗಿ ಸಿಗುವುದೇ ಇಲ್ಲವಾದ್ದರಿಂದ ಆ ಪುಟ್ಟ, ದುಬಾರಿ ಮೆಮೊರಿ ತುಂಬುವುದೂ ಇಲ್ಲ.

ಇಲಿಗಳೆಷ್ಟು ಎಂದು ತಿಳಿಯುವುದು ಇನ್ನೂ ಕಠಿಣ. ಒಂದು ಹರಿವಿನಿಂದ ಒಂದೇ ಪ್ಯಾಕೆಟ್ ಕಂಡರೆ, ಅದು ಹತ್ತರಲ್ಲಿ ಒಂದೋ, ಮೂರು ಸಾವಿರದಲ್ಲಿ ಒಂದೋ? ಎಟಿ ಆ್ಯಂಡ್ ಟಿ ಪ್ರಯೋಗಾಲಯದ ನಿಕ್ ಡಫೀಲ್ಡ್, ಕಾರ್ಸ್ಟೆನ್ ಲುಂಡ್, ಮಿಕೆಲ್ ಥೋರಪ್ 2003ರಲ್ಲಿ ಇದಕ್ಕೆ ದಾರಿ ತೋರಿದರು. ವೆಬ್ ಪುಟ ತೆರೆಯುವಂಥ ಟಿಸಿಪಿ ಸಂಪರ್ಕ ಶುರುವಾಗುವಾಗ ‘ಮಾತಾಡೋಣವೇ’ ಎಂದು ಕೇಳುವ ಸಿನ್ ಎಂಬ ಗುರುತಿನ ಪ್ಯಾಕೆಟ್ ಹೋಗುತ್ತದೆ. ಹರಿವು ಆನೆಯಿರಲಿ ಇಲಿಯಿರಲಿ, ಸಾಮಾನ್ಯವಾಗಿ ಅಂಥದ್ದು ಒಂದೇ ಒಂದು. ಮಾದರಿಯಲ್ಲಿ 300 ಸಿನ್ ಸಿಕ್ಕಿದರೆ ಸುಮಾರು 3 ಲಕ್ಷ ಸಂಪರ್ಕಗಳು ಶುರುವಾಗಿವೆ ಎಂದು ಧೈರ್ಯವಾಗಿ ಹೇಳಬಹುದು. ಕಾಣದೇ ಹೋದ ಹರಿವುಗಳೂ ಹೀಗೆ ಲೆಕ್ಕಕ್ಕೆ ಸಿಗುತ್ತವೆ.

ಹೂವಿನ ಹಡಗಲಿಯ ನಂಟು

ಎಷ್ಟು ಜಾಣತನ ಮಾಡಿದರೂ ಅಂದಾಜು ಇದಕ್ಕಿಂತ ನಿಖರವಾಗಲಾರದು ಎಂಬ ಗಡಿ ಇದೆಯೇ? ಇದೆ. ಅದನ್ನು ತೋರಿಸಿಕೊಟ್ಟವರು ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್. ತೆಲುಗು ಮನೆಮಾತಿನ ರಾವ್ ಅವರು ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದಾಗ, 1945ರಲ್ಲಿ, ಕಲ್ಕತ್ತಾ ಗಣಿತ ಸಂಘದ ಪತ್ರಿಕೆಯಲ್ಲಿ ಇದನ್ನು ತೋರಿಸುವ ಪ್ರಬಂಧ ಪ್ರಕಟಿಸಿದರು. ಸ್ವೀಡನ್ನಿನ ಹರಾಲ್ಡ್ ಕ್ರಾಮೆರ್ ಕೂಡ ಸ್ವತಂತ್ರವಾಗಿ ಅದೇ ಫಲಿತಾಂಶಕ್ಕೆ ಬಂದಿದ್ದರಿಂದ ಅದಕ್ಕೆ ಕ್ರಾಮೆರ್-ರಾವ್ ಮಿತಿ ಎಂದು ಹೆಸರು. ರಾವ್ ಅವರಿಗೆ 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು; ಅದೇ ವರ್ಷ ಆಗಸ್ಟಿನಲ್ಲಿ ಅವರು ತೀರಿಕೊಂಡರು.

ಇಂಟರ್ನೆಟ್ ಎಂಬ ಹೆಸರೂ ಇಲ್ಲದ ಕಾಲದ ಆ ಗಣಿತವನ್ನು 2006ರಲ್ಲಿ ಬ್ರೂನೊ ರಿಬೇರೊ ಮತ್ತು ಸಂಗಡಿಗರು ಪ್ಯಾಕೆಟ್ ಮಾದರಿಗಳಿಗೆ ಅನ್ವಯಿಸಿದರು. ಒಂದೊಂದು ಮಾದರಿ ಪ್ಯಾಕೆಟ್‌ನಲ್ಲಿ ಎಷ್ಟು ಮಾಹಿತಿ ಅಡಗಿದೆ ಎಂದು ತೂಗಿ ನೋಡಿದರು. ಟಿಸಿಪಿ ಪ್ಯಾಕೆಟ್‌ಗಳ ಮೇಲಿನ ಕ್ರಮಸಂಖ್ಯೆಯನ್ನೂ ಓದಿದರೆ ಅಂದಾಜು ಬಹಳ ಸುಧಾರಿಸುತ್ತದೆ ಎಂದು ಅವರಿಗೆ ಕಂಡಿತು.

ಕಾರಣ ಸುಲಭ. ಪ್ರತಿ ಪ್ಯಾಕೆಟ್‌ನ ಮೇಲೂ ಅದು ಹೊತ್ತ ಬೈಟ್‌ಗಳು ಸಾಲಿನಲ್ಲಿ ಎಷ್ಟನೆಯವು ಎಂದು ಬರೆದಿರುತ್ತದೆ. ಒಂದೇ ಹರಿವಿನ ಎರಡು ಮಾದರಿಗಳಲ್ಲಿ ಒಂದರ ಮೇಲೆ 2,000, ಇನ್ನೊಂದರ ಮೇಲೆ 5,02,000 ಎಂದಿದ್ದರೆ, ಅವೆರಡರ ನಡುವೆ 5 ಲಕ್ಷ ಬೈಟ್ ಹೋಗಿದೆ. ಪುಸ್ತಕದ ಎರಡೇ ಹಾಳೆ ಸಿಕ್ಕರೂ ಪುಟಸಂಖ್ಯೆ ನೋಡಿ ಅದರ ಗಾತ್ರ ಊಹಿಸುವಂತೆ.

ದಾಳಿಯ ಹೊತ್ತಿನಲ್ಲಿ

ಈ ಅಂದಾಜುಗಳು ಜೀವಕಳೆ ಪಡೆಯುವುದು ಆಪತ್ತಿನಲ್ಲಿ. ಪ್ರೋಗ್ರಾಮ್ ಬರೆಯುವವರು ನೆಚ್ಚಿಕೊಂಡಿರುವ ಗಿಟ್‌ಹಬ್ ಮೇಲೆ 2018ರ ಫೆಬ್ರುವರಿ 28ರಂದು ಪ್ಯಾಕೆಟ್‌ಗಳ ಮಹಾಪೂರವೇ ಬಂತು. ತುತ್ತತುದಿಯಲ್ಲಿ ಸೆಕೆಂಡಿಗೆ 1.35 ಟೆರಾಬಿಟ್, 12.69 ಕೋಟಿ ಪ್ಯಾಕೆಟ್. ಒಳಬರುವ ಮತ್ತು ಹೊರಹೋಗುವ ಹರಿವಿನ ಅನುಪಾತ ಕೆಟ್ಟಿರುವುದು ಅವರ ಉಸ್ತುವಾರಿ ವ್ಯವಸ್ಥೆಯ ಗಮನಕ್ಕೆ ಬಂದು, ನಿಮಿಷಗಳಲ್ಲೇ ಹರಿವನ್ನು ಬೇರೆ ದಾರಿಗೆ ತಿರುಗಿಸಿದರು. ಇಂಥ ಪೂರದಲ್ಲಿ ಸಾವಿರಕ್ಕೆ ಒಂದನ್ನು ಆಯ್ದರೂ ಸೆಕೆಂಡಿಗೆ ಸುಮಾರು 1.27 ಲಕ್ಷ ಮಾದರಿ ಸಿಗುತ್ತವೆ. ಹೊಳೆ ಉಕ್ಕಿದ್ದನ್ನು ತಿಳಿಯಲು ಒಂದು ಬೊಗಸೆ ಸಾಕು.

ಒಂದೊಂದೇ ಪ್ಯಾಕೆಟ್‌ನಲ್ಲಿ ಹಬ್ಬುವ ದಾಳಿಯ ಕಥೆ ಬೇರೆ. 2003ರ ಜನವರಿ 25ರಂದು ಹಬ್ಬಿದ ಸ್ಲ್ಯಾಮರ್ ಎಂಬ ಕುತಂತ್ರಾಂಶ 404 ಬೈಟಿನ ಒಂದೇ ಪ್ಯಾಕೆಟ್‌ನಲ್ಲಿ ಅಡಗಿತ್ತು. ಆರಂಭದಲ್ಲಿ ಸೋಂಕಿತ ಯಂತ್ರಗಳ ಸಂಖ್ಯೆ ಪ್ರತಿ 8.5 ಸೆಕೆಂಡಿಗೆ ದುಪ್ಪಟ್ಟಾಯಿತು. ಅದು ತಟ್ಟಿದ ಒಂದೊಂದು ಬಾಗಿಲನ್ನೂ ಒಂದೊಂದು ಹರಿವು ಎಂದು ನೋಡಿದರೆ, ಸಾವಿರದಲ್ಲಿ 999 ಕಾಣುವುದೇ ಇಲ್ಲ. ಅದೇ ಮಾದರಿಗಳನ್ನು ಕಳಿಸಿದವರ ವಿಳಾಸದ ಪ್ರಕಾರ ಗುಂಪು ಮಾಡಿದರೆ, ಸೆಕೆಂಡಿಗೆ ಸಾವಿರಾರು ಬಾಗಿಲು ತಟ್ಟುತ್ತಿದ್ದ ಯಂತ್ರ ಎದ್ದು ಕಾಣುತ್ತದೆ. ಹಿಡಿ ಕಾಳು ಒಂದೇ. ಅದಕ್ಕೆ ಯಾವ ಪ್ರಶ್ನೆ ಕೇಳುತ್ತೇವೆ ಎಂಬುದರ ಮೇಲೆ ಉತ್ತರ.

2006ರ ಇನ್ನೊಂದು ಅಧ್ಯಯನ ಬ್ಲಾಸ್ಟರ್ ಎಂಬ ಕುತಂತ್ರಾಂಶ ಹಬ್ಬಿದಾಗಿನ ದಾಖಲೆಗಳನ್ನು ಹೀಗೇ ಪರೀಕ್ಷಿಸಿತು. ಮಾದರಿ ತೆಳುವಾದಂತೆ ಹರಿವುಗಳ ಎಣಿಕೆ ತೀರಾ ಹಾದಿ ತಪ್ಪಿತು. ವಿಳಾಸಗಳು ಎಷ್ಟು ಚದುರಿವೆ ಎಂಬ ಅಳತೆ ಮಾತ್ರ ಅಷ್ಟಾಗಿ ಕೆಡಲಿಲ್ಲ.

ಹಣ, ಯೋಜನೆ, ನ್ಯಾಯ

ದೂರಸಂಪರ್ಕ ಕಂಪನಿಗಳು ಒಬ್ಬರ ಹರಿವನ್ನು ಇನ್ನೊಬ್ಬರು ಹೊರುವಾಗ ಹಣದ ಲೆಕ್ಕವೂ ಬರುತ್ತದೆ. ಡಫೀಲ್ಡ್ ತಂಡದ ಇನ್ನೊಂದು ವಿಧಾನ ಇದಕ್ಕೆಂದೇ ಹುಟ್ಟಿತು. 10 ಲಕ್ಷ ಬೈಟ್ ಎಂಬ ಗೆರೆ ಎಳೆಯಿರಿ. ಅದಕ್ಕಿಂತ ದೊಡ್ಡ ಹರಿವಿನ ದಾಖಲೆಯನ್ನು ಬಿಡದೆ ಇಟ್ಟುಕೊಳ್ಳಿ. 1 ಲಕ್ಷ ಬೈಟಿನದಾದರೆ ಹತ್ತರಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡು, ಇಟ್ಟಿದ್ದನ್ನು 10 ಲಕ್ಷ ಎಂದು ಬರೆಯಿರಿ. ಒಟ್ಟು ಮೊತ್ತ ಸರಾಸರಿಯಲ್ಲಿ ಸರಿಯಾಗಿಯೇ ಬರುತ್ತದೆ. ದೊಡ್ಡ ಹರಿವಿನ ಲೆಕ್ಕದಲ್ಲಿ ತಪ್ಪು ನುಸುಳುವುದಿಲ್ಲ.

ಮುಂದಿನ ವರ್ಷ ಎಲ್ಲಿ ಹೊಸ ಎಳೆ ಹಾಕಬೇಕು ಎಂಬ ಯೋಜನೆಗೂ ಇದೇ ಆಧಾರ. 2023ರ ನವೆಂಬರ್ 19ರ ವಿಶ್ವಕಪ್ ಫೈನಲನ್ನು ಡಿಸ್ನಿ+ ಹಾಟ್‌ಸ್ಟಾರ್‌ನಲ್ಲಿ ಒಂದು ಹಂತದಲ್ಲಿ 5.9 ಕೋಟಿ ಮಂದಿ ಏಕಕಾಲಕ್ಕೆ ನೋಡುತ್ತಿದ್ದರು. ಅಂಥ ಸಂಜೆಗೆ ಜಾಲ ಸಜ್ಜಾಗುವುದು ಹಿಂದಿನ ಸಂಜೆಗಳ ಅಳತೆಯಿಂದ.

ಹೀಗೆ ಹಣವೂ ಎಳೆಯೂ ಎಲ್ಲಿಗೆ ಹೋಗಬೇಕೆಂದು ಅಂದಾಜು ನಿರ್ಧರಿಸುವಾಗ, ಅದರಲ್ಲಿ ಯಾರು ಕಾಣುತ್ತಿಲ್ಲ ಎಂದು ಕೇಳುವುದು ಎಂಜಿನಿಯರನ ಕರ್ತವ್ಯ. ಆ ಚಿಕ್ಕ ಕಾಲೇಜಿನ ನಾಲ್ಕು ಮಾದರಿಗಳನ್ನು ನೆನಪಿಸಿಕೊಳ್ಳಿ. ಐದು ನಿಮಿಷದ ಲೆಕ್ಕದಲ್ಲಿ ಅದರ ಬಗ್ಗೆ ಏನನ್ನೂ ಹೇಳುವಂತಿರಲಿಲ್ಲ. ಆದರೆ ದಿನಕ್ಕೆ ಅಂಥ 288 ಐದು ನಿಮಿಷಗಳಿವೆ. ಪ್ರತಿ ಸಲ ನಾಲ್ಕರಂತೆ ಕೂಡಿಸುತ್ತ ಹೋದರೆ ಸಂಜೆ ದಾಟಿ ಮರುದಿನದ ಹೊತ್ತಿಗೆ 1,152 ಮಾದರಿ. ತಪ್ಪು ಶೇ 98ರಿಂದ ಶೇ 6ಕ್ಕೂ ಕೆಳಗೆ ಇಳಿಯುತ್ತದೆ. ಹೊಸ ಯಂತ್ರ ಬೇಕಿಲ್ಲ, ಹೆಚ್ಚು ಪ್ಯಾಕೆಟ್ ಆಯುವುದೂ ಬೇಕಿಲ್ಲ. ದೊಡ್ಡವರ ದನಿ ಐದು ನಿಮಿಷಕ್ಕೇ ಕೇಳಿಸುತ್ತದೆ. ಚಿಕ್ಕವರ ದನಿ ಕೇಳಲು ಒಂದು ಇಡೀ ದಿನ ಕಿವಿಗೊಡಬೇಕು.